ಪರೀಕ್ಷೆಗೆ ಬಂದ ಕ್ಯಾಮೆರಾ

ಕ್ಯಾಮೆರಾ ನಮ್ಮ ಸ್ಟುಡಿಯೋಕ್ಕೆ ಬಂದದ್ದು ನನ್ನ ಗಂಡನ ಹೆಸರಿಗೆ. ದುರ್ಗದಬೈಲಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಡೀಲರು ತಾವೇ ಅದನ್ನು ಕರಿ ಬ್ಯಾಗಿನಲ್ಲಿ ಹಾಕಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಬಂದರು. ನಾನು ಮುಂದಿನ ಕೌಂಟರಿನಲ್ಲಿ ಕಾಲೇಜು ಹುಡುಗಿಯೊಬ್ಬಳ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕೂತಿದ್ದೆ. ಅವರು ನನ್ನನ್ನು ದಾಟಿ ಒಳಗೆ ಹೋಗಿ ನನ್ನ ಗಂಡನ ಮುಂದೆ ಬ್ಯಾಗು ಇಟ್ಟು, "ಅಣ್ಣಾರ, ಹುಬ್ಬಳ್ಳಿ-ಧಾರವಾಡದಾಗ ಇದನ್ನ ಮೊದಲ ಹಿಡಿಯೋರು ನೀವ ನೋಡ್ರಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ವೈನೀ, ಒಂದೆರಡು ಚಾ ಹೇಳ್ರಿ," ಅಂದರು.

ಚಾ ಹೇಳಿದೆ.

ಅದು ಆ ಕಂಪನಿಯ ಅತಿ ದೊಡ್ಡ ಮಾಡೆಲ್. ಒಂದು ಸಣ್ಣ ಕಾರಿನ ಬೆಲೆ ಅದಕ್ಕೆ. ನಮ್ಮ ಊರಿನ ಅಂಗಡಿಗಳಿಗೆ ಇನ್ನೂ ಬಂದಿರಲಿಲ್ಲ. ಇಲ್ಲಿನ ಮದುವೆ, ಇಲ್ಲಿನ ಬೆಳಕು, ಇಲ್ಲಿನ ಕೆಲಸದಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಒಂದು ಸ್ಟುಡಿಯೋದವರು ವಾರದ ಮಟ್ಟಿಗೆ ಬಳಸಿ ನೋಡಬೇಕು. ಆಮೇಲೆ ಒಂದು ಹೋಟೆಲಿನ ಸಭಾಂಗಣದಲ್ಲಿ ಎರಡೂ ಊರಿನ ಫೋಟೋಗ್ರಾಫರ್‌ಗಳನ್ನು ಕರೆದು, ಬಳಸಿದವರು ಅವರ ಮುಂದೆ ಮಾತಾಡಬೇಕು. ಕಂಪನಿಯ ಯೋಜನೆ ಇಷ್ಟು. ಡೀಲರು ಚಾ ಕುಡಿದು ಹೋದ ಮೇಲೆ ನನ್ನ ಗಂಡ ಬ್ಯಾಗಿನ ಜಿಪ್ ಎಳೆದು ಒಳಗೆ ಇಣುಕಿದರು. ಮುಟ್ಟಲಿಲ್ಲ. "ನೀನ ತಗೀ," ಅಂದರು.

ನಮ್ಮ ಸ್ಟುಡಿಯೋ ನನ್ನ ಅಪ್ಪನದು. ನಾನು ಲಂಗ ಹಾಕಿಕೊಳ್ಳುವ ವಯಸ್ಸಿನಿಂದಲೂ ಅಪ್ಪನ ಕತ್ತಲಕೋಣೆಯಲ್ಲಿ ಫೋಟೋ ತೊಳೆಯುವ ತಟ್ಟೆಗಳನ್ನು ಅಲ್ಲಾಡಿಸುತ್ತ ಬೆಳೆದವಳು. ಫಿಲ್ಮು ಹೋಗಿ ಡಿಜಿಟಲ್ ಬಂದಾಗ ಅಪ್ಪನಿಗೆ ಕಲಿಸಿದವಳೂ ನಾನೇ. ನನ್ನ ಗಂಡ ನಮ್ಮಲ್ಲಿಗೆ ಮದುವೆ ವಿಡಿಯೋ ಮಾಡುವ ಕೆಲಸಕ್ಕೆ ಬಂದವರು. ಮಾತು ಬಹಳ ಚೆಂದ. ಬೀಗರ ಜಗಳವನ್ನೂ ನಗಿಸಿ ಬಿಡಿಸುತ್ತಿದ್ದರು. ಅಪ್ಪನಿಗೆ ಅದೇ ಮೆಚ್ಚಿಗೆಯಾಯಿತು. ನನಗೂ ಆಯಿತು, ಇಲ್ಲ ಅನ್ನುವುದಿಲ್ಲ. ಅಪ್ಪ ತೀರಿದ ಮೇಲೆ ಬೋರ್ಡಿನ ಮೇಲೆ ಅವರ ಹೆಸರು ಬಂತು. ನಾವಿಬ್ಬರೂ ಕೆಲಸ ಹಂಚಿಕೊಂಡಿದ್ದೆವು: ಗಿರಾಕಿಗಳ ಜೊತೆ ಮಾತು, ವಿಡಿಯೋ, ಆಲ್ಬಮ್ ಮಾಡಿಸುವುದು ಅವರದು, ಫೋಟೋ ತೆಗೆಯುವುದು, ಆರಿಸುವುದು, ಬಣ್ಣ ಸರಿ ಮಾಡುವುದು ನನ್ನದು. ಮಂದಿಯ ಲೆಕ್ಕದಲ್ಲಿ ಮಾತ್ರ ಫೋಟೋಗ್ರಾಫರ್ ಅವರು, ನಾನು ಕೈಜೋಡಿಸುವ ಹೆಂಡತಿ. ಇದು ಇಬ್ಬರಿಗೂ ಗೊತ್ತಿತ್ತು. ಮನೆಯೊಳಗೆ ಅವರು ಅದನ್ನು ಎಂದೂ ಅಲ್ಲಗಳೆದಿರಲಿಲ್ಲ, ಹೊರಗೆ ಎಂದೂ ಹೇಳಿರಲಿಲ್ಲ.

ಕ್ಯಾಮೆರಾ ಕೈಗೆತ್ತಿಕೊಂಡ ಮೊದಲ ದಿನವೇ ಒಂದು ಮಾತು ಗೊತ್ತಾಯಿತು. ಅದರ ಹಿಡಿಕೆ ದೊಡ್ಡ ಕೈಯ ಗಂಡಸಿನ ಅಳತೆ ತೆಗೆದು ಮಾಡಿದ್ದು. ನಾನು ಹಿಡಿ ತುಂಬ ಹಿಡಿದರೆ ತೋರುಬೆರಳು ಶಟರಿನ ಬಟನ್ನಿಗೆ ಮುಟ್ಟುತ್ತಿರಲಿಲ್ಲ. ಬೆರಳು ಮುಟ್ಟಿಸಿದರೆ ಅಂಗೈ ಹಿಡಿಕೆಯಿಂದ ಸರಿದು ಇಡೀ ಭಾರ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಉದ್ದನೆಯ ಲೆನ್ಸ್ ಹಾಕಿದ ಮೇಲಂತೂ ಕೊಡ ಹೊತ್ತ ಹಾಗೆ.

ಆದರೂ ಅದು ಎಂಥ ಕ್ಯಾಮೆರಾ ಅನ್ನುವುದನ್ನು ನಾನು ಮುಚ್ಚಿಟ್ಟರೆ ಸುಳ್ಳು ಹೇಳಿದ ಹಾಗೆ. ಮರುದಿನ ಬೆಳಿಗ್ಗೆ ಅದನ್ನು ದುರ್ಗದಬೈಲಿಗೆ ತೆಗೆದುಕೊಂಡು ಹೋದೆ. ಹೂವಿನವರು ಬುಟ್ಟಿ ಇಳಿಸುತ್ತಿದ್ದರು, ಬಳೆ ಅಂಗಡಿಯ ಹೆಂಗಸು ಗಾಜಿನ ಪೆಟ್ಟಿಗೆ ಒರೆಸುತ್ತಿದ್ದಳು. ಆ ಗದ್ದಲದಲ್ಲಿ ಯಾರ ಮುಖಕ್ಕೆ ಗುರಿ ಹಿಡಿದರೂ ಕ್ಯಾಮೆರಾ ಅವರ ಕಣ್ಣು ಹುಡುಕಿ ಹಿಡಿಯುತ್ತಿತ್ತು. ಕೈಗಾಡಿ ಅಡ್ಡ ಬಂದು ಆ ಮುಖ ಮರೆಯಾದರೂ, ಗಾಡಿ ದಾಟಿದ ಕೂಡಲೇ ಮತ್ತೆ ಅದೇ ಕಣ್ಣಿನ ಮೇಲೆ ಹೋಗಿ ಕೂರುತ್ತಿತ್ತು. ಇಷ್ಟು ವರ್ಷ ನಾನು ಉಸಿರು ಬಿಗಿಹಿಡಿದು, ಲೆನ್ಸನ್ನು ಬೆರಳಿನಲ್ಲಿ ತಿರುವಿ ತಿರುವಿ ಕಲಿತದ್ದನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಖುಷಿಯಾಯಿತು. ಬಿಸಿಲು ಏರುವ ತನಕ ಅಲ್ಲೇ ತಿರುಗಿದೆ. ಮನೆಗೆ ಬಂದಾಗ ಕೈ ಸೋತು ಹೋಗಿತ್ತು, ತಲೆ ತುಂಬ ಹಗುರಾಗಿತ್ತು.

ತಾರಿಹಾಳದಲ್ಲಿ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಫೋಟೋ ಕೆಲಸ ನಮ್ಮಲ್ಲಿತ್ತು. ಅಲ್ಲಿಗೂ ಒಯ್ದೆ. ಗ್ರೈಂಡರಿನಿಂದ ಹಾರುವ ಕಿಡಿಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯಿತು. ಕಾರ್ಖಾನೆಯ ಮಾಲೀಕರು ವಯಸ್ಸಾದ ಮುಸ್ಲಿಂ ಕಾಕಾ. ಅಪ್ಪನ ಕಾಲದಿಂದಲೂ ನಮ್ಮ ಗಿರಾಕಿ. ಅವರಿಗೆ ಒಂದು ವಾಲ್ವಿನ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಲೋಹದ ಮೇಲೆ ಉಳಿ ಎಳೆದ ಗೆರೆಗಳೆಲ್ಲ ಕಾಣುತ್ತಿದ್ದವು. ಕಾಕಾ ಕನ್ನಡಕ ಏರಿಸಿ ನೋಡಿ, "ಇಷ್ಟೆಲ್ಲಾ ತೋರಸಬ್ಯಾಡವ್ವ, ಗಿರಾಕಿ ಓಡಿ ಹೋಗ್ತಾರ," ಎಂದು ನಕ್ಕರು. ಆಮೇಲೆ ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿ, "ನಿನ್ನ ಕೈಗೆ ಇದು ವಜನ ಆಗೂದಿಲ್ಲೇನು?" ಎಂದು ಕೇಳಿದರು. ಆ ವಾರ ನನ್ನ ಕೈಯ ಬಗ್ಗೆ ಕೇಳಿದವರು ಅವರೊಬ್ಬರೇ.

ಆದರೆ ನಿಜವಾದ ಪರೀಕ್ಷೆ ನವನಗರದ ಮದುವೆಯಲ್ಲಿ ಆಯಿತು. ಜೋಳ, ಹತ್ತಿ ವ್ಯಾಪಾರ ಮಾಡುವ ಮನೆತನ, ಅಂಗಳದಲ್ಲಿ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣ ಹಚ್ಚಿ ನೀರು ಹಾಕುವ ಶಾಸ್ತ್ರ. ಮೊದಲ ಹತ್ತಾರು ಫೋಟೋ ನೋಡಿ ನನಗೆ ಗಾಬರಿಯಾಯಿತು. ಹುಡುಗಿಯ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಬಂದಿತ್ತು. ಕ್ಯಾಮೆರಾ ಅರಿಷಿಣವನ್ನು ಬೆಳಕಿನ ದೋಷ ಎಂದು ತಿಳಿದು ತಾನೇ ತಿದ್ದಿಬಿಟ್ಟಿತ್ತು. ಅಷ್ಟು ಜಾಣ ಯಂತ್ರ, ಹಳದಿ ಮುಖವನ್ನು ತಪ್ಪು ಎಂದು ತಿಳಿದಿತ್ತು. ಬಣ್ಣದ ಆಟೋ ಸೆಟ್ಟಿಂಗ್ ತೆಗೆದು ನಾನೇ ಕೈಯಾರೆ ಹೊಂದಿಸಿದೆ. ಆಮೇಲೆ ಅವಳ ಅವ್ವ ತಂಬಿಗೆ ಎತ್ತಿ ತಲೆಯ ಮೇಲೆ ನೀರು ಸುರಿದಾಗ ಒಂದು ಫೋಟೋ ಬಂತು. ಹುಡುಗಿ ಉಸಿರು ಒಳಗೆ ಎಳೆದುಕೊಂಡಿದ್ದಾಳೆ, ಕಣ್ಣು ಅರ್ಧ ಮುಚ್ಚಿದೆ, ಅರಿಷಿಣದ ನೀರಿನ ಹನಿಗಳು ಮುಖದ ಸುತ್ತ ಗಾಳಿಯಲ್ಲಿ ನಿಂತಿವೆ, ಹಿಂದೆ ಅವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ತೆಗೆದ ಮದುವೆಯ ಫೋಟೋಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತಿಗೆ ಇನ್ನೊಂದು ಕೊರತೆ ಸಿಕ್ಕಿತು. ಮಂಟಪದ ಹಿಂದೆ ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸಿದ್ದರು. ಸದ್ದಿಲ್ಲದ ಶಟರ್ ಹಾಕಿ ತೆಗೆದರೆ ಫೋಟೋದ ತುಂಬ ಅಡ್ಡ ಪಟ್ಟಿ. ಹಳೆಯ ಸದ್ದಿನ ಶಟರಿಗೆ ಬದಲಿಸಿದರೆ ಪಟ್ಟಿ ಹೋಗುತ್ತಿತ್ತು. ಮಂತ್ರದ ನಡುವೆ ಸದ್ದು ಬೇಡ ಎಂದು ಹೊಸ ಕ್ಯಾಮೆರಾ ಕೊಂಡವನು ಈ ಒಂದು ವಿಷಯ ತಿಳಿಯದಿದ್ದರೆ ಇಡೀ ಮದುವೆ ಹಾಳು ಮಾಡಿಕೊಂಡು ಬರುತ್ತಾನೆ. ಮತ್ತೆ, ಬಾಸಿಂಗ ಕಟ್ಟಿದ ಮೇಲೆ ಕಣ್ಣು ಹುಡುಕುವ ವಿದ್ಯೆ ಮುಗ್ಗರಿಸುತ್ತಿತ್ತು. ಜೋತಾಡುವ ಮುತ್ತುಗಳನ್ನು ಕಣ್ಣೆಂದುಕೊಂಡು ಅಲ್ಲಿಗೆ ಓಡುತ್ತಿತ್ತು. ಕ್ಯಾಮೆರಾದ ಅಗಲವಾದ ಬೆಲ್ಟು ನನ್ನ ತಾಳಿಸರಕ್ಕೆ ಸಿಕ್ಕಿಕೊಂಡು, ಬಿಡಿಸಿಕೊಳ್ಳುವುದರೊಳಗೆ ಒಂದೆರಡು ಒಳ್ಳೆಯ ಗಳಿಗೆ ತಪ್ಪಿದವು. ಸಂಜೆಯ ಹೊತ್ತಿಗೆ ಬಲಗೈಯಲ್ಲಿ ನೀರಿನ ಲೋಟ ಎತ್ತಲಾಗುತ್ತಿರಲಿಲ್ಲ.

ಎರಡು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೆಲ್ಲ ನಾನು ನನ್ನ ಗಂಡನಿಗೆ ಹೇಳಿದೆ. ಅವರು ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಬರೆದುಕೊಂಡರು. ಬುದ್ಧಿವಂತರು, ಒಮ್ಮೆ ಹೇಳಿದರೆ ಸಾಕು, ತಮ್ಮದೇ ಮಾತು ಮಾಡಿಕೊಂಡುಬಿಡುತ್ತಿದ್ದರು. ಹಿಡಿಕೆಯ ವಿಷಯ ಬಂದಾಗ ಮಾತ್ರ ನಿಲ್ಲಿಸಿದರು.

"ಇದು ಬ್ಯಾಡ ಬಿಡು."

"ಯಾಕ್ರಿ? ಎಲ್ಲಕ್ಕಿಂತ ಮೊದಲ ಹೇಳಬೇಕಾದ್ದ ಅದು. ಸಣ್ಣ ಕೈ ಇದ್ದವರಿಗೆ ಮಣಿಕಟ್ಟು ಹೋಗ್ತೈತಿ."

"ಹೆಣ್ಮಕ್ಕಳ ಕೈ ಅಂತ ಹೇಳಿದ್ರ ಸಭಾದಾಗ ಕೂತ ಮಂದಿ ನಗತಾರ. ಇದು ಪ್ರೊಫೆಷನಲ್ ಕ್ಯಾಮೆರಾ. ಹಿಡಿಯಾಕ ಶಕ್ತಿ ಇದ್ದವರು ಹಿಡೀತಾರ."

"ನಾ ಹಿಡದೇನಲ್ಲ?"

"ಹಿಡದಿ. ಆದ್ರ ಹಿಡದಾಕಿ ನೀ ಅಂತ ನಾ ಅಲ್ಲಿ ಹೇಳಾಕ ಬರತೈತೇನು?"

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಪಲ್ಯ ಇನ್ನೊಂದಿಷ್ಟು ಬಡಿಸು ಎಂದು ಕೇಳುವ ದನಿಯಲ್ಲೇ ಹೇಳಿದರು. ನಾನೂ ಬಡಿಸಿದೆ. ವೇದಿಕೆಯ ಮೇಲೆ ಹೋದಾಗ ನಾಲ್ಕು ಮಂದಿಯ ಮುಂದೆ, ಕೊನೆಯಲ್ಲಾದರೂ, ಒಂದು ಮಾತು ಬರಬಹುದು ಅಂದುಕೊಂಡಿದ್ದೆ.

ಗೋಕುಲ ರಸ್ತೆಯ ಹೋಟೆಲಿನ ಸಭಾಂಗಣ ತುಂಬಿತ್ತು. ಹುಬ್ಬಳ್ಳಿಯವರು, ಧಾರವಾಡದವರು, ಗದಗ, ಹಾವೇರಿಯಿಂದ ಬಂದವರು. ಹೆಂಗಸರು ಬೆರಳೆಣಿಕೆಯಷ್ಟು. ಬೆಂಗಳೂರಿನಿಂದ ಬಂದ ಕಂಪನಿಯ ಅಧಿಕಾರಿ ಚಿಕ್ಕ ವಯಸ್ಸಿನವರು, ಚೊಕ್ಕವಾಗಿ ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ನಾನು ತೆಗೆದ ಫೋಟೋಗಳು ಒಂದೊಂದಾಗಿ ಬಂದವು: ಬಳೆ ಅಂಗಡಿಯವಳು, ತಾರಿಹಾಳದ ಕಿಡಿ, ಮದುಮಗಳು. ಸುರಗಿಯ ಫೋಟೋ ಬಂದಾಗ ಸಭೆಯಲ್ಲಿ ಒಂದು ಸಣ್ಣ ಸದ್ದೆದ್ದಿತು. ಫೋಟೋ ತೆಗೆಯುವವರು ಇನ್ನೊಬ್ಬರ ಫೋಟೋ ನೋಡಿ ತಮಗೆ ಗೊತ್ತಿಲ್ಲದೆ ಮಾಡುವ ಸದ್ದು ಅದು. ಪ್ರತಿ ಫೋಟೋದ ಕೆಳಗೆ ಬಿಳಿ ಅಕ್ಷರದಲ್ಲಿ ನನ್ನ ಗಂಡನ ಹೆಸರಿತ್ತು.

ಅವರು ಚೆಂದ ಮಾತಾಡಿದರು. "ಅರಿಷಿಣ ಹಚ್ಚಿದ ಮಾರೀನ ಈ ಕ್ಯಾಮೆರಾ ತಪ್ಪು ಅಂತ ತಿಳಕೋತೈತ್ರಿ, ನಮ್ಮ ಶಾಸ್ತ್ರ ಅದಕ್ಕೇನ್ ಗೊತ್ತು!" ಅಂದಾಗ ಸಭೆ ನಕ್ಕಿತು. ಅದು ನಾನು ಊಟದ ಹೊತ್ತಿನಲ್ಲಿ ಹೇಳಿದ ಮಾತು, ಅಕ್ಷರಶಃ. ಬಾಸಿಂಗದ ಮಾತು ಬಂತು, ಕಣ್ಣು ಹಿಡಿಯುವ ಮಾತು ಬಂತು. ಹಿಡಿಕೆಯ ಮಾತು ಬರಲಿಲ್ಲ. ನನ್ನ ಮಾತೂ ಬರಲಿಲ್ಲ.

ಕೊನೆಗೆ ಪ್ರಶ್ನೆಗಳು. ಹಾವೇರಿಯ ಒಬ್ಬ ಫೋಟೋಗ್ರಾಫರ್ ಎದ್ದು, "ಸರ, ಸ್ಟೇಜಿನ ಹಿಂದ ಎಲ್‌ಇಡಿ ಪರದೆ ಇದ್ದಾಗ ಸೈಲೆಂಟ್ ಶಟರ್ ಹಾಕಿದ್ರ ಪಟ್ಟಿ ಬೀಳತಾವೇನ್ರಿ?" ಎಂದು ಕೇಳಿದರು.

ಅದನ್ನು ನನ್ನ ಗಂಡನಿಗೆ ನಾನು ಹೇಳಿದ್ದೆ, ಅವರು ಮರೆತಿದ್ದರು. ನನ್ನ ಕಡೆ ನೋಡಿದರೆ ಹೇಳುತ್ತಿದ್ದೆ. ನೋಡಲಿಲ್ಲ. "ಇಲ್ರೀ, ಇಷ್ಟ ದೊಡ್ಡ ಕ್ಯಾಮೆರಾದಾಗ ಹಂತಾದ್ದೆಲ್ಲಾ ಬರೂದಿಲ್ಲ. ಆರಾಮ ಹಾಕ್ರಿ," ಅಂದುಬಿಟ್ಟರು.

ಆ ಹಾವೇರಿಯವರು ತಲೆ ಆಡಿಸಿ ಕೂರುತ್ತಿದ್ದರು. ಅವರ ಹಿಂದೆ ಇನ್ನೂ ಎಷ್ಟೋ ಮಂದಿ ತಲೆ ಆಡಿಸುತ್ತಿದ್ದರು. ಇವರೆಲ್ಲ ನಾಳೆ ಯಾರದೋ ಮದುವೆಯಲ್ಲಿ ನಿಂತು ಪಟ್ಟಿ ಬಿದ್ದ ಫೋಟೋ ತೆಗೆಯುತ್ತಾರೆ, ಆ ಗಳಿಗೆ ಮತ್ತೆ ಬರುವುದಿಲ್ಲ. ನಾನು ಎದ್ದು ನಿಂತೆ.

"ಬರತಾವ್ರಿ," ಅಂದೆ. "ಸೈಲೆಂಟ್ ಹಾಕಬ್ಯಾಡ್ರಿ. ಎಲ್‌ಇಡಿ ಮುಂದ ಸದ್ದಿನ ಶಟರ್‌ನ ಇಟಗೋರಿ. ನಾ ಎರಡೂ ತಗದು ನೋಡೇನಿ, ಫೋಟೋ ಅದಾವ, ಬೇಕಂದ್ರ ತೋರಸ್ತೇನಿ."

ಸಭೆ ನನ್ನ ಕಡೆ ತಿರುಗಿತು. ಕಂಪನಿಯ ಅಧಿಕಾರಿ ಮೈಕು ಹಿಡಿದು ನಗುತ್ತ ಮುಂದೆ ಬಂದರು. "ಸೂಪರ್ ಮೇಡಂ! ನೋಡಿ, ಸರ್ ಎಂಥ ಗುರು ಅಂತ. ಮನೆಯವರಿಗೂ ಇಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದಾರೆ! ಸರ್‌ಗೊಂದು ಚಪ್ಪಾಳೆ ಬರಲಿ."

ಚಪ್ಪಾಳೆ ಬಂತು. ಎರಡನೆಯ ಸಾಲಿನಲ್ಲಿ ಕೂತಿದ್ದ ಡೀಲರೂ ಹೊಡೆದರು. ಅಪ್ಪ ಬದುಕಿದ್ದಾಗ ನಮ್ಮ ಸ್ಟುಡಿಯೋಕ್ಕೆ ಬಂದು, ನಾನು ಹಾಕಿದ ಪ್ರಿಂಟನ್ನು ಕತ್ತಲಕೋಣೆಯ ಬಾಗಿಲಲ್ಲಿ ಕಾದು ಒಯ್ಯುತ್ತಿದ್ದ ಮನುಷ್ಯ ಅವರು. ಅವರಿಗೆ ಎಲ್ಲ ಗೊತ್ತಿತ್ತು. ನಾನು ವೇದಿಕೆಯ ಕಡೆ ನೋಡಿದೆ. ನನ್ನ ಗಂಡ ಕೈ ಮುಗಿದು, "ಏನ್ ಮಾಡೂದ್ರಿ, ಮನ್ಯಾಗ ಬರೇ ಕ್ಯಾಮೆರಾದ್ದ ಮಾತು, ಕೇಳಿ ಕೇಳಿ ಬಂದೈತಿ," ಅಂದರು. ಮತ್ತೊಂದು ಸುತ್ತು ನಗು.

ನಾನು ಕೂತೆ. ಊಟಕ್ಕೆ ನಿಂತಾಗ ಹಾವೇರಿಯವರು ಬಂದು, "ಛಲೋ ಆತ್ರಿ ಅಕ್ಕಾರ, ಹೇಳಿದ್ರಿ," ಅಂದರು. ಅವರ ತಟ್ಟೆಯಲ್ಲಿ ಏನಿತ್ತು ಎನ್ನುವುದು ಇಂದಿಗೂ ಕಣ್ಣಿಗೆ ಕಟ್ಟಿದೆ, ಅವರ ಮುಖ ನೆನಪಿಲ್ಲ. ನಾನು ತಲೆ ಎತ್ತಿರಲಿಲ್ಲ.

ಗಾಡಿಯ ಮೇಲೆ ಮನೆಗೆ ಬರುವಾಗ ಅವರಿಗೆ ಹಾಕಿದ್ದ ಶಾಲು, ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿದ್ದವು. ಹೊಸೂರು ದಾಟಿದ ಮೇಲೆ ಅವರೇ ಶುರು ಮಾಡಿದರು.

"ಎಲ್ಲಾರ ಮುಂದ ಎದ್ದು ನಿಂತು ನನ್ನ ತಪ್ಪು ತಗಿಯೋದು ಬೇಕಿತ್ತೇನು?"

"ತಪ್ಪ ಹೇಳಿದ್ರಿ. ಮಂದಿ ಕೆಲಸ ಕೆಡತಿತ್ತು."

"ಆಮ್ಯಾಲ ನನಗ ಹೇಳಿದ್ರ ನಾ ಅವರಿಗೆ ಫೋನ್ ಮಾಡತಿದ್ದೆ."

"ಮತ್ತ ಆ ಮನಶ್ಯಾ, ನೀವು ನನಗ ಕಲಿಸೀರಿ ಅಂದಾಗ ಒಂದ ಮಾತು ಹೇಳಬಹುದಿತ್ತಲ್ರಿ."

"ಏನಂತ? ನನಗ ಫೋಟೋ ತಗಿಯಾಕ ಬರೂದಿಲ್ಲ, ಹೆಂಡತಿ ತಗೀತಾಳ ಅಂತ? ಬೋರ್ಡಿನ ಮ್ಯಾಲ ಯಾರ ಹೆಸರೈತಿ? ಸ್ಟುಡಿಯೋ ಇಬ್ಬರದೂ ಅಲ್ಲೇನು? ನನ್ನ ಹೆಸರಾದ್ರ ನಿನ್ನ ಹೆಸರಾದಂಗ."

ಅವರು ಅದನ್ನು ನಿಜವಾಗಿ ನಂಬಿದ್ದರು. ಮೋಸ ಮಾಡಿದ ಮನುಷ್ಯನ ಮೇಲೆ ಸಿಟ್ಟು ಮಾಡಬಹುದು. ಇವರು ತಮಗೇ ಅನ್ಯಾಯವಾಗಿದೆ ಎಂದುಕೊಂಡು ಮುಖ ಊದಿಸಿ ಗಾಡಿ ಓಡಿಸುತ್ತಿದ್ದರು. ನಾನು ಬುಟ್ಟಿಯ ಹಣ್ಣು ಬೀಳದ ಹಾಗೆ ಹಿಡಿದುಕೊಂಡು ಕೂತೆ.

ಕ್ಯಾಮೆರಾ ವಾಪಸು ಹೋಯಿತು. ಡೀಲರ ಅಂಗಡಿಯ ಮುಂದೆ ಒಂದು ದೊಡ್ಡ ಫ್ಲೆಕ್ಸ್ ಬಂತು: ಆ ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡ ನನ್ನ ಗಂಡ. ಆ ಫೋಟೋ ತೆಗೆದದ್ದೂ ನಾನೇ, ಸ್ಟುಡಿಯೋದಲ್ಲಿ, ಅವರು ಕೇಳಿದರೆಂದು. ಗದಗ, ಬೆಳಗಾವಿ ಅಂತ ಕಂಪನಿಯವರು ಅವರನ್ನು ಕರೆಯತೊಡಗಿದರು. ಮಾತಾಡಿ ಬರುತ್ತಿದ್ದರು, ಹುರುಪಿನಿಂದ ಇರುತ್ತಿದ್ದರು. ನನಗೆ ಒಂದು ಸೀರೆ ತಂದರು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಧಾರವಾಡದಿಂದ ಒಬ್ಬ ಹೆಣ್ಣುಮಗಳು ಸ್ಟುಡಿಯೋಕ್ಕೆ ಬಂದಳು. ಕೂಸುಗಳ ಫೋಟೋ, ಸೀಮಂತದ ಫೋಟೋ ತೆಗೆಯುವ ಕೆಲಸ ಅವಳದು. ಬಲಗೈಯ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಿದ್ದಳು. "ಸರ್ ಅದಾರೇನ್ರಿ?" ಎಂದು ಕೇಳಿದಳು. ಊರಲ್ಲಿಲ್ಲ ಅಂದೆ. ಅವಳು ಬ್ಯಾಗಿನಿಂದ ತೆಗೆದದ್ದು ಅದೇ ಮಾಡೆಲ್. ಸರ್ ಮಾತು ಕೇಳಿ, ತನ್ನಲ್ಲಿದ್ದ ಎರಡು ಹಳೆಯ ಕ್ಯಾಮೆರಾ ಡೀಲರಿಗೆ ಕೊಟ್ಟು ಬದಲಿಗೆ ಇದೊಂದನ್ನು ತಗೊಂಡಿದ್ದಳಂತೆ.

"ನನ್ನ ಹಿಡಿಯೋದ ತಪ್ಪೈತಿ ಅನಸತೈತ್ರಿ. ಬೆರಳ ಮುಟ್ಟೂದಿಲ್ಲ. ಸರ್ ಒಮ್ಮೆ ಹೆಂಗ ಹಿಡೀಬೇಕಂತ ತೋರಿಸಿದ್ರ..."

ನಾನು ನನ್ನ ಅಂಗೈಯನ್ನು ಅವಳ ಅಂಗೈಗೆ ಹಚ್ಚಿ ನೋಡಿದೆ. ಒಂದೇ ಅಳತೆ.

"ತಪ್ಪು ನಿಂದಲ್ಲವ್ವ. ಈ ಕ್ಯಾಮೆರಾ ನಮ್ಮ ಕೈಗೆ ಆಗೂದಿಲ್ಲ. ಆ ವಾರ ಪೂರಾ ಇದನ್ನ ಹಿಡದಾಕಿ ನಾ."

ಅವಳಿಗೆ ಅರ್ಥವಾಗಲಿಲ್ಲ. ನಾನು ಕಂಪ್ಯೂಟರಿನಲ್ಲಿ ಆ ಮದುವೆಯ ಫೋಟೋಗಳನ್ನೆಲ್ಲ ತೆಗೆದು ತೋರಿಸಿದೆ. ಒಂದರಲ್ಲಿ ಆ ಮದುವೆಮನೆಯ ಕನ್ನಡಿಯೊಳಗೆ ಕ್ಯಾಮೆರಾ ಹಿಡಿದ ನಾನೇ ಇದ್ದೆ. ಬಹಳ ಹೊತ್ತು ನೋಡಿದಳು. ಆಮೇಲೆ, "ಮತ್ತ ಈ ಕೈ ಮಾತನ್ನ ಸರ್ ಅವತ್ತ ಯಾಕ ಹೇಳಲಿಲ್ರಿ?" ಎಂದು ಕೇಳಿದಳು.

"ಹೇಳಿದ್ರ ಮಂದಿ ನಗತಾರಂತ ಬಿಟ್ರು," ಅಂದೆ.

ಅವಳು ನೆಟ್ಟಗೆ ಡೀಲರ ಅಂಗಡಿಗೆ ಹೋಗಿ, ಸಣ್ಣ ಮಾಡೆಲ್ ಬದಲಿಸಿ ಕೊಡಿರೆಂದು ಪಟ್ಟು ಹಿಡಿದಳು. ನಾನು ಹೇಳಿದ್ದನ್ನೂ ಹೇಳಿದಳು. ಡೀಲರು ಬದಲಿಸಿ ಕೊಟ್ಟರು. ಕೊಟ್ಟು ನನ್ನ ಗಂಡನಿಗೆ ಫೋನ್ ಮಾಡಿದರು. ಊರಿಂದ ಮನೆಗೆ ಬಂದ ನನ್ನ ಗಂಡ ಚಪ್ಪಲಿ ಕಳಚುವ ಮೊದಲೇ ಕೂಗಿದರು.

"ನಮ್ಮ ಹೊಟ್ಟಿ ಮ್ಯಾಲ ನೀನ ಹೊಡೀತೀಯಲ್ಲ! ಊರೆಲ್ಲಾ ನನ್ನ ಮಾತು ಕೇಳತೈತಿ, ನೀ ಮನ್ಯಾಗ ಕೂತು ಕಿತ್ತಿ ಹಾಕಾಕತ್ತಿ."

"ಆ ಹುಡಿಗಿ ಕೈ ನೋಡಿದ್ರೇನು?"

"ಕೈ, ಕೈ! ಎಷ್ಟ ಸಲ ಹೇಳ್ತಿ ಅದನ್ನ?"

"ನೀವು ಒಂದ ಸಲ ಹೇಳಿದ್ರ ನಾ ಮತ್ತ ಹೇಳತಿರಲಿಲ್ಲ."

ಅವತ್ತು ಅವರು ಊಟ ಮಾಡಲಿಲ್ಲ. ನಾನು ಮಾಡಿದೆ.

ಚಳಿಗಾಲದಲ್ಲಿ ಇನ್ನೊಂದು ಕ್ಯಾಮೆರಾ ಬಂತು, ಮೊದಲಿನದಕ್ಕಿಂತ ಹೊಸದು. ಅವರು ಬ್ಯಾಗನ್ನು ಊಟದ ಮೇಜಿನ ಮೇಲೆ ಇಟ್ಟು, ಏನೂ ಆಗಿಲ್ಲವೆನ್ನುವ ಹಾಗೆ, "ನೋಡು, ಹೊಸಾದು ಬಂದೈತಿ," ಅಂದರು.

"ಈ ಸಲ ನೀವ ನೋಡ್ರಿ," ಅಂದೆ.

ನಾನು ಹುಡುಗಾಟಕ್ಕೆ ಅಂದೆನೆಂದು ಅವರು ತಿಳಿದಿದ್ದರು. ಬ್ಯಾಗು ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಅದರ ಸುತ್ತ ಮೇಜು ಒರೆಸಿದೆ, ಜಿಪ್ ಎಳೆಯಲಿಲ್ಲ. ಆಸೆ ಆಗಲಿಲ್ಲ ಅಂತಲ್ಲ. ಒಮ್ಮೆ ಬ್ಯಾಗಿನ ಮೇಲೆ ಕೈ ಇಟ್ಟು ತೆಗೆದೆ. ಅವರು ಇಲ್ಲದೆ ನನಗೆ ನಡೆಯುತ್ತದೆ, ನಾನಿಲ್ಲದೆ ಅವರಿಗೆ ನಡೆಯುವುದಿಲ್ಲ ಎನ್ನುವುದು ನನ್ನ ಮನಸ್ಸಿನ ತಳದಲ್ಲಿ ಕೂತ ನಂಬಿಕೆ. ಈ ಸಲ ವೇದಿಕೆಯ ಮೇಲೆ ಮುಗ್ಗರಿಸಲಿ, ಆಗ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಅವರು ಮಾತ್ರ ಸೋಫಾದ ಮೇಲೆ ಕೂತು, ಬೇರೆ ಬೇರೆ ಊರಿನವರು, ಬೇರೆ ದೇಶದವರು ಆ ಕ್ಯಾಮೆರಾದ ಬಗ್ಗೆ ಮಾಡಿದ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಟೆರೇಸಿಗೆ ಹೋಗಿ ಪಾರಿವಾಳದ ಒಂದಿಷ್ಟು ಫೋಟೋ ತೆಗೆದರು. ಅಷ್ಟೇ.

ಸಮಾರಂಭಕ್ಕೆ ನಾನು ಹೋಗಲಿಲ್ಲ. ಡೀಲರು ಮೊಬೈಲಿಗೆ ಹಾಕಿದ ವಿಡಿಯೋದಲ್ಲಿ ನೋಡಿದೆ. ಅದೇ ಸಭಾಂಗಣ, ಅದೇ ಮಂದಿ. ನನ್ನ ಗಂಡ ನೀಲಿ ಕೋಟು ಹಾಕಿ, ಮೊದಲಿಗಿಂತ ಸರಾಗವಾಗಿ ಮಾತಾಡುತ್ತಿದ್ದರು. ನಡುವೆ, "ಅರಿಷಿಣ ಹಚ್ಚಿದ ಮಾರೀನ ಇದೂ ತಪ್ಪು ಅಂತ ತಿಳಕೋತೈತ್ರಿ," ಅಂದರು. ಆ ಕ್ಯಾಮೆರಾ ಅರಿಷಿಣವನ್ನು ನೋಡೇ ಇರಲಿಲ್ಲ. ಅದು ಅರಿಷಿಣವನ್ನು ತಪ್ಪೆಂದು ತಿಳಿಯುತ್ತಿತ್ತೋ ಇಲ್ಲವೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಸಭೆ ನಕ್ಕಿತು. ಪ್ರಶ್ನೆಗಳು ಬಂದವು, ಉತ್ತರಗಳೂ ಬಂದವು. ಕೆಲವು ಸರಿ, ಕೆಲವು ಸುಮ್ಮನೆ ಹಾರಿಸಿದ್ದು. ಯಾರಾದರೂ ಒಬ್ಬರು, ಇದನ್ನು ನೀವು ಎಲ್ಲಿ ತೆಗೆದು ನೋಡಿದಿರಿ ಎಂದು ಕೇಳುತ್ತಾರೇನೋ ಎಂದು ಕೊನೆಯ ತನಕ ಕಾದೆ. ಯಾರೂ ಕೇಳಲಿಲ್ಲ. ಚಪ್ಪಾಳೆ ಹೋದ ಸಲದಷ್ಟೇ ಜೋರಾಗಿತ್ತು.

ಹೆಸರು ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಚುಚ್ಚಿತು. ನಾನು ಕೈ ಬಾತುಕೊಂಡು, ಒಂದೊಂದು ಬೆಳಕಿನಲ್ಲಿ ನಿಂತು ಕಂಡುಕೊಂಡದ್ದೂ, ಅವರು ಸೋಫಾದ ಮೇಲೆ ಕೂತು ಕೂಡಿಸಿದ್ದೂ ಆ ಸಭೆಗೆ ಒಂದೇ ಆಗಿತ್ತು. ಆ ದಿನ ನನಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ಬಾಯಿ ಮಾತ್ರ ಬೇವು ಅಗಿದ ಹಾಗೆ ಬಹಳ ದಿನ ಕಹಿಯಾಗಿತ್ತು.

ಧಾರವಾಡದ ಆ ಹೆಣ್ಣುಮಗಳು ಆಗಾಗ ಫೋನ್ ಮಾಡುತ್ತಿದ್ದಳು. ತನಗೆ ಮೀರಿದ ಮದುವೆಯ ಕೆಲಸ ಬಂದಾಗ ನನ್ನನ್ನು ಕರೆದಳು. ಹೋದೆ. ಅವಳ ಕಡೆಯಿಂದ ಇನ್ನೊಂದು ಬಂತು, ಅಲ್ಲಿಂದ ಮತ್ತೊಂದು. ನಾನು ಸ್ಟುಡಿಯೋದ ಬೋರ್ಡು ಮುಟ್ಟಲಿಲ್ಲ, ಜಗಳವನ್ನೂ ಆಡಲಿಲ್ಲ. ನನ್ನ ಹಳೆಯ ಕ್ಯಾಮೆರಾ ತೆಗೆದುಕೊಂಡು ನನ್ನ ಕೆಲಸಕ್ಕೆ ನಾನು ಹೋಗತೊಡಗಿದೆ, ಅಷ್ಟೇ. ಅವರು ತಮ್ಮ ಮದುವೆಗಳಿಗೆ ಇಬ್ಬರು ಬೇರೆ ಫೋಟೋಗ್ರಾಫರ್‌ಗಳನ್ನು ಇಟ್ಟುಕೊಂಡರು. ಮನೆ ಒಂದೇ, ಅಡುಗೆ ಒಂದೇ. ಮುಹೂರ್ತದ ದಿನಗಳಲ್ಲಿ ಬೆಳಿಗ್ಗೆ ಇಬ್ಬರೂ ಬ್ಯಾಟರಿ ಚಾರ್ಜಿನಿಂದ ತೆಗೆದು ಬೇರೆ ಬೇರೆ ಗಾಡಿಯಲ್ಲಿ ಹೊರಡುತ್ತೇವೆ.

ಹೋದ ಸಲದ ಮದುವೆ ಸೀಸನ್ನಿನಲ್ಲಿ ಕೇಶ್ವಾಪುರದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಹೆಣ್ಣಿನ ಕಡೆಯವರು ನನ್ನನ್ನು ಕರೆದಿದ್ದರು. ಗಂಡಿನ ಕಡೆಯವರು ಕರೆದ ಫೋಟೋಗ್ರಾಫರ್ ಯಾರೆಂದು ಕೇಳಿರಲಿಲ್ಲ. ಅಕ್ಷತೆಯ ಹೊತ್ತಿಗೆ ಮಂಟಪದ ಆಚೆ ಬದಿಗೆ ನೋಡಿದರೆ ನನ್ನ ಗಂಡ. ಅವತ್ತು ಇಟ್ಟುಕೊಂಡವರಲ್ಲಿ ಒಬ್ಬ ಬಂದಿರಲಿಲ್ಲವಂತೆ, ತಾವೇ ಕ್ಯಾಮೆರಾ ಹಿಡಿದಿದ್ದರು. ಬೀಗರ ಪೈಕಿ ಒಬ್ಬ ಮುದುಕಿ, "ಅವ್ವ, ಅವರು ನಿಮ್ಮ ಮನಿಯವರಲ್ಲೇನು? ಆ ಕಡೆ ಯಾಕ ನಿಂತಾರ?" ಎಂದು ನನ್ನನ್ನು ಕೇಳಿದಳು.

"ಅವರು ಗಂಡಿನ ಕಡೇರಿ, ನಾ ಹೆಣ್ಣಿನ ಕಡೆ," ಅಂದೆ. ಅವಳು ಹಾಸ್ಯ ಎಂದುಕೊಂಡು ನಕ್ಕಳು.

ಅಂತರಪಟ ಸರಿಯುವ ಹೊತ್ತು ಬಂತು. ಅವರು ಮಂಟಪದ ಆಚೆಯಿಂದ ಕೈ ಬೀಸಿದರು. "ಏ, ಸ್ವಲ್ಪ ಸರೀ. ಫ್ರೇಮಿನ್ಯಾಗ ಬರಾಕತ್ತಿ."

"ನೀವೂ ಬರಾಕತ್ತೀರಿ," ಅಂದೆ.

ಇಬ್ಬರೂ ಸರಿಯಲಿಲ್ಲ. ವಾದ್ಯದವರು ಜೋರಾಗಿ ಬಾರಿಸಿದರು, ಅಕ್ಕಿಕಾಳು ಬಿದ್ದವು, ಇಬ್ಬರೂ ಶಟರ್ ಒತ್ತಿದೆವು. ನನ್ನ ಫೋಟೋದಲ್ಲಿ ಮದುಮಕ್ಕಳ ಹಿಂದೆ ಅವರಿದ್ದಾರೆ, ಮುಖ ಕಾಣುವುದಿಲ್ಲ. ಅವರ ಫೋಟೋದಲ್ಲಿ ನಾನು ಹೇಗೆ ಬಂದಿದ್ದೇನೆ ಎಂದು ನಾನು ಕೇಳಲಿಲ್ಲ, ಅವರೂ ತೋರಿಸಲಿಲ್ಲ.